ಬೀಗ ಬಿದ್ದ ಬೆಟ್ಟ

ಬೆಟ್ಟ ಸರಕಾರದ್ದು, ಅಲ್ಲಿಗೆ ಹೋಗುವ ದಾರಿ ಮಾತ್ರ ಥರ್ಸ್ಟನ್ ಗೇಲ್‌ನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಅಮೆರಿಕದ ಮಾಂಟಾನಾದಲ್ಲೂ ಸುಳ್ಳಲ್ಲ. ಡಾರೆಲ್ ಕ್ರೀಚ್‌ನ ಅಜ್ಜ, ಅಪ್ಪ ಇಬ್ಬರೂ ಆ ದಾರಿಯ ರ‍್ಯಾಂಚಿನ, ಅಂದರೆ ದನ ಸಾಕುವ ದೊಡ್ಡ ಜಮೀನಿನ, ಹುಲ್ಲುಗಾವಲು ದಾಟಿಯೇ ಬೆಟ್ಟ ಹತ್ತಿದವರು. ಕುದುರೆಯೆತ್ತರದ ಎಲ್ಕ್ ಜಿಂಕೆ ಹೊಡೆದು ತಂದು ಚಳಿಗಾಲವಿಡೀ ಮನೆಮಂದಿಗೆ ಉಣ್ಣಿಸಿದವರು. ಹಳೆಯ ಯಜಮಾನ ಯಾರನ್ನೂ ತಡೆಯುತ್ತಿರಲಿಲ್ಲ. ಅವನು ಸತ್ತ ಮೇಲೆ ರ‍್ಯಾಂಚು ಕೊಂಡ ಗೇಲ್ ಮೊದಲು ಮಾಡಿದ ಕೆಲಸ ಗೇಟಿಗೆ ಬೀಗ ಜಡಿದದ್ದು. ಈಗ ಒಳಗೆ ಹೋಗುವವರು ಸ್ವಂತ ವಿಮಾನದಲ್ಲಿ ಬಂದಿಳಿಯುವ ಸಾಹುಕಾರರು ಮಾತ್ರ.

ಡಾರೆಲ್ ಒಮ್ಮೆ ಟೋಪಿ ಕಳಚಿ ಕೇಳಿಕೊಂಡಿದ್ದ.

"ಸುಮ್ಮನೆ ದಾಟ್ಕೊಂಡು ಹೋಗ್ತೀನಿ ಸ್ವಾಮಿ. ನಿಮ್ಮ ಜಮೀನಲ್ಲಿ ಒಂದು ಗುಂಡೂ ಹಾರಿಸಲ್ಲ."

"ಅಂಗಡೀಲಿ ಕೋಳಿ ಸಿಗುತ್ತಲ್ಲಯ್ಯ," ಅಂದ ಗೇಲ್, ಬೀಗ ಅಲ್ಲಾಡಿಸಿ ನೋಡುತ್ತ. "ಅದು ಓಡೋದೂ ಇಲ್ಲ. ನಿನ್ನಂಥೋರಿಗೆ ಅದೇ ಸರಿ."

ಪಕ್ಕದಲ್ಲಿದ್ದ ಅತಿಥಿಗಳು ಗೊಳ್ಳೆಂದು ನಕ್ಕರು. ಆ ನಗು ಡಾರೆಲ್‌ಗೆ ಊಟಕ್ಕೆ ಕೂತಾಗಲೂ ಕೇಳಿಸುತ್ತಿತ್ತು.

ಗೇಲ್‌ನ ಹೆಂಡತಿಗೆ ಈ ಬೀಗ ಹಿಡಿಸಿರಲಿಲ್ಲ. "ನನ್ನ ಕೈಲಿದ್ರೆ ನಾಳೇನೇ ತೆಗೆಸ್ತಿದ್ದೆ" ಎಂದು ಊರ ಕಾಫಿ ಅಂಗಡಿಯಲ್ಲಿ ಎಲ್ಲರೆದುರೇ ಅಂದಿದ್ದಳು. ಅಂದರೆ ಡಾರೆಲ್‌ಗೂ ಬೆಟ್ಟಕ್ಕೂ ನಡುವೆ ಇದ್ದದ್ದು ಒಬ್ಬನೇ ಮನುಷ್ಯ.

ಆ ಮನುಷ್ಯನಿಗೆ ಒಂದು ಚಟ. ತನ್ನ ಜಮೀನಿನಲ್ಲಿ ಗುಂಡಿನ ಸದ್ದು ಕೇಳಿದರೆ ಸಾಕು, ಒಬ್ಬನೇ ಟ್ರಕ್ಕು ಹತ್ತಿ ಬಂದುಬಿಡುತ್ತಿದ್ದ. ಕಳ್ಳಬೇಟೆಗಾರರನ್ನು ತಾನೇ ಹಿಡಿದು ಹಂಗಿಸುವುದರಲ್ಲಿ ಅವನಿಗೆ ಸುಖ. ಹಾಗಾಗಿ ಡಾರೆಲ್‌ನ ಯೋಜನೆ ಸರಳವಾಗಿತ್ತು. ಒಂದು ಎಲ್ಕ್ ಬೀಳಬೇಕು, ಗೇಲ್ ಬರಬೇಕು, ಅವನೂ ಬೀಳಬೇಕು. ನೋಡಿದವರು ಹೇಳುವುದು ಒಂದೇ: ಯಾವನೋ ಹೊರಗಿನ ಕಳ್ಳ, ಸಿಕ್ಕಿಬಿದ್ದ, ಹೆದರಿ ಹೊಡೆದು ಓಡಿದ. ಊರಿನ ಡಾರೆಲ್ಲಾ? ಪಾಪ, ಅವನಿಗೆ ಈ ವರ್ಷ ಎಲ್ಕಿನ ಬಾಲವೂ ಕಂಡಿಲ್ಲ! ಹಾಗೆಂದು ಅವನೇ ಸಿಕ್ಕಸಿಕ್ಕವರ ಹತ್ತಿರ ಗೊಣಗಿಕೊಂಡು ಬಂದಿದ್ದ. ಬಂದೂಕು, ಯಾರೂ ಕಂಡಿರದ ಹಳೆಯದು. ಬೂಟು, ದೂರದೂರಿನಿಂದ ತಂದದ್ದು, ತನ್ನ ಕಾಲಿಗಿಂತ ದೊಡ್ಡದು. ಹಿಮದಲ್ಲಿ ಬೀಳುವ ಹೆಜ್ಜೆ ಬೇರೆಯವನದಾಗಿರಬೇಕಲ್ಲ.

ಬೆಳಕು ಹರಿಯುತ್ತಲೇ ಒಂದೇ ಗುಂಡಿಗೆ ಎಲ್ಕ್ ಮೊಣಕಾಲೂರಿ ಕುಸಿಯಿತು. ಡಾರೆಲ್ ಪಕ್ಕದಲ್ಲಿ ಕೂತು ಅರ್ಧ ಹೊಟ್ಟೆ ಸೀಳಿದ. ಬಿಸಿ ಹಬೆ ಎದ್ದು ಮುಖಕ್ಕೆ ಬಡಿಯುವಾಗ ಟ್ರಕ್ಕು ಬಂದು ನಿಂತಿತು.

"ಯಾವನೋ ಅವನು? ಕೈ ಮೇಲೆತ್ತು!"

ಡಾರೆಲ್ ಬಂದೂಕು ಹಿಡಿದೇ ಎದ್ದು ತಿರುಗಿದ.

"ಓ, ನೀನಾ?" ಗೇಲ್ ನಕ್ಕ. "ಯಾಕೋ, ಕೋಳಿ ಸಿಗಲಿಲ್ವಾ?"

ಗುಂಡು ಹೊಟ್ಟೆಗೆ ಹೊಕ್ಕಿತು. ಗೇಲ್ ಹಿಮದಲ್ಲಿ ಕೂತುಬಿಟ್ಟ. ಬೆರಳ ಸಂದಿಯಿಂದ ಉಕ್ಕುವ ರಕ್ತವನ್ನು ಒಳಕ್ಕೆ ತಳ್ಳುವವನ ಹಾಗೆ ಎರಡೂ ಕೈ ಒತ್ತಿ ಹಿಡಿದ.

"ಬೀಗದಕೈ... ಜೇಬಲ್ಲಿದೆ... ತಗೊಳ್ಳಪ್ಪ, ತಗೊಂಡು ಹೋಗು..."

'ನಿನ್ನಂಥೋರು' ಹೋಗಿ ಈಗ 'ಅಪ್ಪ' ಬಂದಿತ್ತು. ಡಾರೆಲ್‌ಗೆ ಹೊಟ್ಟೆ ತುಂಬ ಸಂತೋಷವಾಯಿತು. ಬಂದೂಕಿನ ಹಿಡಿಯಿಂದ ಆ ಮುಖವನ್ನು ಜಜ್ಜುವ ಆಸೆ ಬಂತು, ತಡೆದುಕೊಂಡ. ಹೆದರಿ ಓಡುವವನು ಹಾಗೆಲ್ಲ ಬಡಿಯುತ್ತ ಕೂರುವುದಿಲ್ಲ. ಎರಡನೆಯ ಗುಂಡನ್ನು ಹಣೆಗಿಟ್ಟು ಹೊಡೆದ. ಬೆಚ್ಚಗಿನದೇನೋ ಕೋಟಿನ ತೋಳಿಗೆ ಸಿಡಿಯಿತು. ಬೀಗದಕೈ ಮುಟ್ಟಲಿಲ್ಲ; ಹೊರಗಿನ ಕಳ್ಳನಿಗೆ ಅದು ಯಾಕೆ ಬೇಕು?

ಬಂದೂಕೂ ಚಾಕುವೂ ನದಿ ಸೇರಿದವು. ಕೋಟು, ಕೈಗವಸು, ಪ್ಯಾಂಟು, ಬೂಟು ಬೂದಿಯಾದವು. ಮನೆಯಲ್ಲಿ ಮುಖ ತೊಳೆದು ಹಲ್ಲು ಕಿರಿದು ಕನ್ನಡಿ ನೋಡಿಕೊಂಡ. ಮೊದಲಿನ ಡಾರೆಲ್ಲೇ.

ಮಧ್ಯಾಹ್ನ ಕಾಫಿ ಅಂಗಡಿಯ ಮುಂದೆ ಊರೇ ನೆರೆದಿತ್ತು. ಊರ ಪೊಲೀಸರ ಮುಖ್ಯಸ್ಥೆ ಶೆರಿಫ್ ಇಂಗ್ರಿಡ್ ಸ್ಕಾರ್, ಡಾರೆಲ್ ಜೊತೆ ಶಾಲೆಗೆ ಹೋದವಳು, ತನ್ನ ಟ್ರಕ್ಕಿಗೆ ಒರಗಿ ಅವನನ್ನು ಕರೆದಳು.

"ಯಾರೋ ಹೊರಗಿನೋನು ಕಣೋ. ಮಾಂಸಾನೂ ಬಿಟ್ಟು ಓಡಿದಾನೆ. ಆ ಕಡೆ ದಾರಿ ಬಲ್ಲೋನು ನೀನು, ಹುಡುಕೋಕೆ ಬರ್ತೀಯಾ?"

"ಬರದೆ ಇರ್ತೀನಾ? ಕಳ್ಳನಿಗೂ ಎಲ್ಕ್ ಸಿಗುತ್ತೆ, ನಂಗೆ ಮಾತ್ರ ಈ ವರ್ಷ ಬಾಲದ ದರ್ಶನಾನೂ ಇಲ್ಲ ನೋಡು."

"ಇನ್ಮೇಲೆ ಸಿಗುತ್ತೆ ಬಿಡು. ಅವನ ಹೆಂಡ್ತಿ ಗೇಟು ತೆಗೆಸ್ತಾಳಂತೆ." ಇಂಗ್ರಿಡ್ ಸಿಗರೇಟು ತುಟಿಗಿಟ್ಟಳು. "ಬೆಂಕಿಪೊಟ್ಟಣ ಇದ್ಯಾ?"

ಡಾರೆಲ್ ಬೆಳಗ್ಗೆ ಕೋಟಿನೊಳಗೆ ತೊಟ್ಟಿದ್ದ ಅದೇ ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣ ಎಳೆದ. ಅದರ ಜೊತೆಗೆ ಇನ್ನೇನೋ ಬಂದು ಟ್ರಕ್ಕಿನ ಬಾನೆಟ್ಟಿನ ಮೇಲೆ ಟಣ್ಣೆಂದು ಬಿತ್ತು. ಎರಡು ಹಲ್ಲು; ಬೇರಿಗೆ ಇನ್ನೂ ಹಸಿ ವಸಡು ಅಂಟಿತ್ತು. ಎಲ್ಕಿನ ಮೇಲ್ದವಡೆಯಲ್ಲಿ ಆನೆದಂತದಂಥ ಹಲ್ಲು ಎರಡೇ. ಹೆಂಡತಿಗೆ ಓಲೆಯೋ ಮಗನಿಗೆ ಉಂಗುರವೋ ಮಾಡಿಸಲೆಂದು, ಹೊಟ್ಟೆ ಸೀಳುವ ಮೊದಲೇ ಅವನ್ನು ಕಿತ್ತು ಜೇಬಿಗಿಳಿಸುವುದು ಈ ಕಡೆಯ ಬೇಟೆಗಾರರ ರೂಢಿ. ಅಪ್ಪ ಕಲಿಸಿದ ಕೆಲಸ ಅದು. ಆ ಬೆಳಗ್ಗೆಯೂ ಕೈ ಅದನ್ನು ಮಾಡಿ ಮುಗಿಸಿತ್ತು, ಮನಸ್ಸನ್ನು ಕೇಳಿರಲಿಲ್ಲ. ಇಂಗ್ರಿಡ್ ಸಿಗರೇಟನ್ನು ತುಟಿಯಿಂದ ತೆಗೆದು, ಕೈಯನ್ನು ಸೊಂಟದ ಪಿಸ್ತೂಲಿನ ಮೇಲಿಟ್ಟು, "ಅಲ್ಲಿ ಬಿದ್ದಿರೋ ಎಲ್ಕಿನ ಬಾಯಲ್ಲಿ ಈ ಎರಡೂ ಇಲ್ಲ ಕಣೋ, ಡಾರೆಲ್" ಅಂದಳು.