ಹೊಳೆಬಾಗಿಲಲ್ಲಿ ಹಿಡಿಯದ ಬ್ರೇಕು

"ಹ್ಯಾಂಡ್‌ಬ್ರೇಕ್ ಎಳೀರಿ... ಎಳೀರಿ ಮೇಡಂ!"

ಆ ದನಿ ಸುಪ್ರಿಯಾಳಿಗೆ ಗೊತ್ತಿದ್ದದ್ದೇ.

ಕಾಲು ಬ್ರೇಕಿನ ಮೇಲೇ ಇತ್ತು. ಜೀವವೆಲ್ಲ ಕಾಲಿಗೆ ತಂದು ಒತ್ತಿದ್ದಳು. ಆದರೂ ಕಾರು ಹೊಳೆಬಾಗಿಲಿನ ಇಳಿಜಾರು ಇಳಿದು, ವಾಹನ ದಾಟಿಸುವ ಲಾಂಚಿನೊಳಗೆ ಜಾರುತ್ತಲೇ ಇತ್ತು. ಎದುರಿಗೊಂದು ಸರಪಳಿ... ಅದರಾಚೆ ಬರೀ ಹಿನ್ನೀರು!

ಎಳೆದಳು. ಕಾರು ಮುಗ್ಗರಿಸಿ ನಿಂತಿತು. ಯಾರೋ ಓಡಿಬಂದು ಚಕ್ರಕ್ಕೆ ಮರದ ತುಂಡು ಕೊಟ್ಟು ತಲೆ ಎತ್ತಿದ.

ರಾಜೇಂದ್ರ!

ಹೋದ ವಾರ ಸಾಗರದ ಗ್ಯಾರೇಜಿನಲ್ಲಿ ಇದೇ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಕೊಟ್ಟವನು. "ಭಾನುವಾರ ನಿಮ್ಮನೆಗೆ ಬಂದು ಹೆಣ್ಣು ಕೇಳ್ತೀನಿ" ಅಂದವನು. ಬಾರದೇ ಹೋದವನು...

"ನಮ್ಮನ್ನ ಹೊಳೆಗೆ ಹಾಕಾಕೇ ರಿಪೇರಿ ಮಾಡಿದ್ಯೇನಾ?" ಪಕ್ಕದ ಸೀಟಿನಿಂದ ದೊಡ್ಡಪ್ಪ ನಿಂಗಪ್ಪ ಕಿರುಚಿದ.

ಅಷ್ಟರಲ್ಲಿ ಎಡಕ್ಕೊಂದು ಬಸ್ಸು, ಬಲಕ್ಕೊಂದು ಜೀಪು ಬಂದು ಅಂಟಿಕೊಂಡವು. ಬಾಗಿಲು ತೆರೆದು ಇಳಿಯುವಂತಿಲ್ಲ. ಲಾಂಚು ಹೊರಟೇಬಿಟ್ಟಿತು.

ಆಚೆ ದಡದ ಸಿಗಂದೂರಿನಲ್ಲಿ ದೊಡ್ಡಪ್ಪ ಗೊತ್ತುಮಾಡಿದ್ದ ನಿಟ್ಟೂರಿನ ಗಂಡಿನ ಕಡೆಯವರು ಕಾಯುತ್ತಿದ್ದರು. ದೇವಿಯ ಮುಂದೆ ಮಾತಾಗಿಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ಹಿಂದೆಗೆಯುವಂತಿಲ್ಲ. ಅಪ್ಪ ತೀರಿಕೊಂಡ ಮೇಲೆ ಸಾಕಿದ ದೊಡ್ಡಪ್ಪನಿಗೆ ಎದುರಾಡಲಾರದೆ, ಅಲ್ಲಿಗೆ ಅವಳೇ ಕಾರು ಓಡಿಸಿಕೊಂಡು ಹೊರಟಿದ್ದಳು! ಅಜ್ಜಿಯ ಕತೆಯಲ್ಲಿ ರಾಜಕುಮಾರಿಯನ್ನು ಏಳು ಕೋಟೆಯೊಳಗೆ ಕೂಡಿಡುತ್ತಿದ್ದರು. ಇವಳಿಗೆ ಒಂದು ಸೀಟ್ ಬೆಲ್ಟೇ ಸಾಕಾಗಿತ್ತು.

ರಾಜೇಂದ್ರ ಜೀಪಿನ ಸಂದಿಯಲ್ಲಿ ತೂರಿಕೊಂಡು ಅವಳ ಕಿಟಕಿಗೆ ಬಂದ. ಆಚೆ ದಡದ ತುಮರಿಯಲ್ಲಿ ಕೆಟ್ಟು ನಿಂತ ಗಾಡಿಯ ರಿಪೇರಿಗೆಂದು ಹೊರಟಿದ್ದವನ ಹೆಗಲಲ್ಲಿ ಸಾಮಾನಿನ ಚೀಲವಿತ್ತು.

"ಪೆಡಲ್ ಒಳಗೆ ಇಳೀತದಾ?"

"ಇಲ್ಲ. ಕಲ್ಲಿನಂಗೆ ಗಟ್ಟಿ ಇದೆ. ಗಾಡಿ ಮಾತ್ರ ನಿಲ್ಲಲ್ಲ." ಅವಳು ಅವನ ಮುಖ ನೋಡಲಿಲ್ಲ.

"ಹಂಗಾದ್ರೆ ಬ್ರೇಕ್ ಪೈಪಲ್ಲಿ ಗಾಳಿ ಸೇರಿಲ್ಲ. ಕೀರ್ ಅನ್ನೋ ಸದ್ದು? ಹೊಸ ಪ್ಯಾಡು ಸ್ವಲ್ಪ ದಿನ ಕೂಗ್ತದೆ, ಕೂಗ್ಲಿ ಬಿಡಿ ಅಂದಿದ್ನಲ್ಲ?"

"ನಿನ್ನೆಯಿಂದ ನಿಂತೋಗಿದೆ."

ಅವನು ಕಾರಿನ ಮುಂದಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂತು ಮುಂದಿನ ಚಕ್ರದೊಳಗೆ ಬೆರಳು ತೂರಿಸಿದ. ಮೂಸಿದ. ಹುಬ್ಬು ಮೇಲೇರಿತು.

"ಇದಕ್ಕೆ ಕೊಬ್ರಿ ಎಣ್ಣೆ ಹಾಕಿದ್ಯಾರು?!"

ಬಸ್ಸಿನ ಕಿಟಕಿಗಳಿಂದ ಕಿಸಕ್ಕೆಂದರು ಜನ.

"ನಾನೇ..." ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. "ಬೀಗರ ಮುಂದೆ ಹಂಗೆ ಕಿರುಚ್ತಾ ಹೋದ್ರೆ ಮರ್ಯಾದೆ ಎಂತದು? ಬಾವಿ ಗಡಗಡೆಗೆ ಹಾಕಲ್ವ? ಮುಂದಿನ ಎರಡೂ ಚಕ್ರಕ್ಕೆ ಬಿಟ್ಟೆ. ಗಾಣದ ಎಣ್ಣೆ ಮಾರಾಯ!"

"ನಿಂಗಪ್ಪಣ್ಣ, ಎಣ್ಣೆ ಕುಡಿದ ಪ್ಯಾಡು ಎಂತ ಹಿಡೀತದೆ? ಸದ್ದು ಹೋಯ್ತು, ಜೊತೆಗೆ ಬ್ರೇಕೂ ಹೋಯ್ತು."

ಸುಪ್ರಿಯಾ ಈಗ ಅವನ ಮುಖ ನೋಡಿದಳು. ತಪ್ಪು ಇವನದಲ್ಲ... ಹಾಗಾದರೆ ಅವತ್ತು ಬಾರದಿದ್ದದ್ದೂ?

"ಭಾನುವಾರ ಯಾಕೆ ಬರ್ಲಿಲ್ಲ?" ಕೇಳಿಯೇಬಿಟ್ಟಳು.

ಅವನು ತಬ್ಬಿಬ್ಬಾದ. "ಬಂದಿದ್ನಲ್ಲ! ಬೇಲಿ ದಾಟೋ ತಡಮೆ ಹತ್ರಾನೇ ನಿಮ್ಮ ದೊಡ್ಡಪ್ಪ ಸಿಕ್ರು. ನೀವೇ ಬೇಡ ಅಂದ್ರಿ ಅಂತ ಹೇಳಿ ಕಳ್ಸಿದ್ರು."

ಅವಳು ಪಕ್ಕಕ್ಕೆ ತಿರುಗಿದಳು. ದೊಡ್ಡಪ್ಪನ ಕೈ ಬಾಗಿಲ ಹಿಡಿಯನ್ನು ಹುಡುಕಿತು. ಬಾಗಿಲು ಬಸ್ಸಿಗೆ ಟಣ್ಣೆಂದು ಬಡಿಯಿತು, ತೆರೆಯಲಿಲ್ಲ. ಈಗ ಅವನೂ ಒಳಗೇ!

"ನಿನ್ನ ಒಳ್ಳೇದಕ್ಕೇ ಕಣೆ... ಅವ್ರಿಗೆ ನಾಕೆಕರೆ ಇದೆ..."

"ಚಕ್ರ ಯಾಕೆ ಕೂಗ್ತದೆ ಅಂತ ನೀನು ಕೇಳ್ಲೇ ಇಲ್ಲ ದೊಡ್ಡಪ್ಪ. ನನ್ನನ್ನೂ ಕೇಳ್ಲಿಲ್ಲ. ಎಣ್ಣೆ ಹಾಕ್ಬಿಟ್ಟೆ."

ಲಾಂಚು ಆಚೆ ದಡ ಮುಟ್ಟಿತು.

ಅವಳು ಮೊದಲ ಗೇರಿನಲ್ಲೇ ದಿಬ್ಬ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು.

"ಮೆಲ್ಲಗೆ ಹೋದ್ರೆ ಆತು ಕಣೆ..."

ಸೀಟ್ ಬೆಲ್ಟ್ ಕಳಚಿದಳು. "ನಾನು ಬರಲ್ಲ."

"ಈ ಕಾರಲ್ಲಿ ಬರಲ್ವಾ?"

"ಆ ಸಂಬಂಧಕ್ಕೆ." ಅವಳು ಎಂಜಿನ್ ಆರಿಸಿದಳು.

ದೊಡ್ಡಪ್ಪ ಇಳಿದು ಪಂಚೆ ಕೊಡವಿದ.

"ಬಸ್ಸಲ್ಲಿ ಹೋಗಿ ಅವ್ರಿಗೆ ನಾನೇ ಹೇಳ್ತೀನಿ. ಎಣ್ಣೆ ಹಾಕಿದೋನು ನಾನು, ಬೈಸ್ಕಳೋನೂ ನಾನೇ ಅಲ್ವಾ..." ರಾಜೇಂದ್ರನತ್ತ ತಿರುಗಿದ. "ನೀನು ಗಾಡಿ ಸರಿ ಮಾಡಿ, ಇವಳನ್ನ ಜೋಪಾನವಾಗಿ ಮನೆ ಮುಟ್ಸು. ತಡಮೆ ಹತ್ರಾನೇ ನಿಲ್ಬೇಡ, ಒಳಗೆ ಬಾ."

ಬಸ್ಸು ಮರೆಯಾಯಿತು. ರಾಜೇಂದ್ರ ಚಕ್ರ ಬಿಚ್ಚಲು ಕೂತ. ಅವಳು ಪಕ್ಕದಲ್ಲಿ ಕೂತು ಬೋಲ್ಟುಗಳಿಗೆ ಕೈ ಚಾಚಿದಳು.

"ಬೇಡ... ಕೈ ಮಸಿ ಆಗ್ತದೆ ಮೇಡಂ."

"ಮೇಡಂ?"

"...ಸುಪ್ರಿಯಾ." ಅವನ ಕಿವಿ ಕೆಂಪಾಯಿತು. "ತುಮರಿಯಿಂದ ಹೊಸ ಪ್ಯಾಡ್ ತರಿಸ್ಬೇಕು. ಆಮೇಲೆ ಮತ್ತೆ ಸ್ವಲ್ಪ ದಿನ ಕೂಗ್ತದೆ."

ಬಿಸಿ ಬೋಲ್ಟನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು.

"ಕೂಗ್ಲಿ ಬಿಡಿ. ಊರಿಗೆಲ್ಲ ಕೇಳ್ಲಿ..."