ಬಟ್ಟೆ ಒಣಹಾಕಿದ ಕುದುರೆ

ಬಹಳ ಹಿಂದೆ, ನಕ್ಷೆ ಬರೆಯುವವರು ಸುಸ್ತಾಗಿ ಕುಂಚ ಕೆಳಗಿಟ್ಟ ಜಾಗದಿಂದ ಇನ್ನೂ ಏಳು ಹೊಳೆ ಆಚೆಗೆ, ಮಣಿಕೂಟ ಎಂಬ ರಾಜ್ಯವಿತ್ತು. ಅಲ್ಲಿನ ರಾಣಿ ಒಳ್ಳೆಯವಳು. ನಡೆಯಲಾಗದ ಪ್ರತಿಯೊಬ್ಬರಿಗೂ ಒಂದು ಮರದ ಕುದುರೆ ಕೊಡಬೇಕೆಂದು ಆಜ್ಞೆ ಮಾಡಿದ್ದಳು. ಹತ್ತಿ ಕೂತರೆ ಸಾಕು, ಕುದುರೆ ಹೇಳಿದ ಕಡೆ ನಡೆಯುತ್ತಿತ್ತು. ಆದರೆ ಲಾಯ ಇದ್ದದ್ದು ಮುನ್ನೂರು ಮೆಟ್ಟಿಲಿನ ಬೆಟ್ಟದ ತುದಿಯಲ್ಲಿ. ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಲಾಯದ ಅಧಿಕಾರಿ ಧೂಮಕೇಶ ಎಂಬ ಮಾಂತ್ರಿಕ. ಒಮ್ಮೆ ಯಾರೋ ಕುಂಟನಂತೆ ನಟಿಸಿ ಕುದುರೆಯೊಂದನ್ನು ಎಳೆದುಕೊಂಡು ಹೋದ. ಅಂದಿನಿಂದ ಮಾಂತ್ರಿಕನಿಗೆ ಅನ್ನ ರುಚಿಸಲಿಲ್ಲ. ಮೆಟ್ಟಿಲ ಬುಡದಲ್ಲೊಂದು, ನಡುವಲ್ಲೊಂದು, ತುದಿಯಲ್ಲೊಂದು ಬಾಗಿಲು ಕಟ್ಟಿ ಮೂರು ಮಾಯಾಮೃಗಗಳನ್ನು ಕೂರಿಸಿದ.

ಆ ಊರಲ್ಲಿ ಬುಟ್ಟಿ ಹೆಣೆಯುವ ಅಕ್ಕತಂಗಿಯರಿದ್ದರು. ಅಕ್ಕ ಮಾಳವ್ವ ಬಿದಿರು ಕಡಿಯುವಾಗ ದಿಣ್ಣೆಯಿಂದ ಜಾರಿ ಬಿದ್ದು, ಎರಡೂ ಕಾಲು ಸ್ವಾಧೀನ ತಪ್ಪಿದವು. ಮರಳುಗಾಡಿನಾಚೆಗೆ ಕೊಟ್ಟ ಮಗಳು ಹೆತ್ತಿದ್ದಳು. ಹೊತ್ತುಕೊಂಡು ದಾಟುವ ದಾರಿಯಲ್ಲ ಅದು.

"ಕೂಸನ್ನ ಒಂದ್ಸಲ ಮಡಿಲಿಗೆ ಹಾಕ್ಕೋಬೇಕು ಕಣೇ ಹೊನ್ನೀ," ಅಂದಳು ಮಾಳವ್ವ.

ತಂಗಿ ಹೊನ್ನಿ ಕುದುರೆ ಕೇಳಲು ಬೆಟ್ಟಕ್ಕೆ ಹೊರಟಳು. ಮೊದಲ ಬಾಗಿಲಲ್ಲಿ ಮೊಸಳೆ ಮಾಳವ್ವನ ಹೆಸರು ಬರೆದುಕೊಂಡು, "ಅವಳೇ ಬರಲಿ," ಅಂದಿತು.

"ನಡೆಯೋಕಾಗಲ್ಲ ಅಂತಲೇ ಅಲ್ವಾ ಸ್ವಾಮಿ, ನಾನು ಬಂದಿರೋದು?"

"ಅದನ್ನ ಅವಳೇ ಬಂದು ಹೇಳಲಿ."

ಹೊನ್ನಿ ದೊಡ್ಡದೊಂದು ಬುಟ್ಟಿ ಹೆಣೆದು ಅಕ್ಕನನ್ನು ಅದರಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ತಂದಳು. ಎರಡನೇ ಬಾಗಿಲಲ್ಲಿ ಗಿಳಿ, "ಬಿದ್ದದ್ದನ್ನು ಕಂಡ ಸಾಕ್ಷಿ ಎಲ್ಲಿ?" ಅಂದಿತು.

"ಅಲ್ಲಿ ಬಿದಿರು ಬಿಟ್ಟರೆ ಯಾರಿದ್ದರು?"

"ಅದನ್ನೇ ತನ್ನಿ."

ಇಳಿದರು. ಬಿದಿರಿನೊಂದಿಗೆ ಮತ್ತೆ ಹತ್ತಿದರು. "ಹೌದು, ಬಿದ್ದಳು," ಅಂದಿತು ಬಿದಿರು. ಗಿಳಿ ಬಾಗಿಲು ತೆಗೆಯಿತು.

ತುದಿಯಲ್ಲಿ ಕರಡಿ ಇಬ್ಬರನ್ನೂ ನೋಡಿತು. "ಮುನ್ನೂರು ಮೆಟ್ಟಿಲು ಹತ್ತಿ ಬಂದವಳು ಕುಂಟಿ ಹೇಗಾಗುತ್ತಾಳೆ? ಹೋಗಿ."

ಮಾಳವ್ವನಿಗೆ ನಗು ಬಂತು. "ನನ್ನ ತಂಗಿಯ ಕಾಲನ್ನೂ ನನ್ನ ಲೆಕ್ಕಕ್ಕೇ ಹಾಕಿಬಿಟ್ಟೆಯಲ್ಲೋ, ಕರಡೀ."

ಇಳಿಯುವಾಗ ಮಳೆ. ಮನೆ ಸೇರುವಷ್ಟರಲ್ಲಿ ಮಾಳವ್ವನಿಗೆ ಜ್ವರ. ಒಂಬತ್ತನೇ ದಿನ, "ಕೂಸಿಗೆ ಈಗ ಹಲ್ಲು ಬಂದಿರುತ್ತೆ, ಅಲ್ವೇನೇ?" ಅಂದಳು. ಅದೇ ಅವಳ ಕೊನೆಯ ಮಾತು.

ತಿಂಗಳು ಕಳೆದ ಮೇಲೆ ಹೊನ್ನಿ ಎಂದಿನಂತೆ ಜವಳಿ ವ್ಯಾಪಾರಿ ಚಿಕ್ಕಣ್ಣಶೆಟ್ಟರ ಹಿತ್ತಿಲಿಗೆ ಬುಟ್ಟಿ ಕೊಡಲು ಹೋದಳು. ಗಾಳಿ ಬೀಸಿ, ಒಣಹಾಕಿದ್ದ ಸೀರೆಯೊಂದು ಹಾರಿತು. ಅದರಡಿ ಮರದ ಕುದುರೆಯ ಮುಖವಿತ್ತು.

"ಇದು ಇಲ್ಲಿ ಹೇಗೆ ಬಂತು ಶೆಟ್ಟರೇ?"

"ಮೆತ್ತಗೆ ತಾಯಿ. ಬುದ್ಧಿ ಇಲ್ಲದ ಕಾಲದಲ್ಲಿ ಕುಂಟನಂತೆ ನಟಿಸಿ ತಂದದ್ದು. ನಾನು ಹತ್ತಿದೆ, ನನ್ನ ಭಾವ ಹತ್ತಿದ, ಒಂದು ಹೆಜ್ಜೆ ಇಡಲಿಲ್ಲ. ನಡೆಯಬಲ್ಲವರನ್ನು ಅದು ಹೊರುವುದೇ ಇಲ್ಲ. ಬಟ್ಟೆಗಾದರೂ ಆಗಲಿ ಅಂತ ಇಟ್ಟುಕೊಂಡೆ."

ಹತ್ತು ವರ್ಷದಿಂದ ಹೊನ್ನಿ ಆ ಹಿತ್ತಿಲಿಗೆ ಬರುತ್ತಿದ್ದಳು. ಬಟ್ಟೆ ನೋಡಿದ್ದಳು. ಒಂದು ಸಲವೂ ಎತ್ತಿ ನೋಡಿರಲಿಲ್ಲ.

ಕುದುರೆಯನ್ನೂ ಶೆಟ್ಟರನ್ನೂ ಅವಳು ಅರಮನೆಗೆ ಎಳೆದೊಯ್ದಳು. ರಾಣಿಯ ಎದುರು ಧೂಮಕೇಶ ಹತ್ತಿ ಕೂತ. ಕುದುರೆ ಅಲುಗಲಿಲ್ಲ. ಕಾವಲುಗಾರ ಕೂತ. ಅಲುಗಲಿಲ್ಲ. ಅರಮನೆ ಬಾಗಿಲಲ್ಲಿ ತೆವಳುತ್ತಿದ್ದ ಮುದುಕನನ್ನು ಎತ್ತಿ ಕೂರಿಸಿದರು. ಕುದುರೆ ಸಭೆಯನ್ನು ಮೂರು ಸುತ್ತು ಹಾಕಿತು.

"ಮೃಗಗಳನ್ನು ಕೂರಿಸುವ ಮೊದಲು ಈ ಕುದುರೆ ಏನಾಯಿತೆಂದು ವಿಚಾರಿಸಿದ್ದೆಯಾ?" ಅಂದಳು ರಾಣಿ.

"ಇಲ್ಲ."

"ನಾನೂ ವಿಚಾರಿಸಲಿಲ್ಲ," ಅಂದಳು ರಾಣಿ.

ಧೂಮಕೇಶನ ಮಾಯೆಯೆಲ್ಲ ನಿಂತಿದ್ದದ್ದು ಮೋಸಹೋಗುವ ಭಯದ ಮೇಲೆ. ಭಯ ಹೋದೊಡನೆ ಮೊಸಳೆ, ಗಿಳಿ, ಕರಡಿ ಮೂರೂ ಬೂದಿಯಾದವು. ಬೆಟ್ಟದ ಕುದುರೆಗಳು ಧೂಳು ಕೊಡವಿಕೊಂಡು ತಾವೇ ಇಳಿದವು, ತಾವೇ ಮನೆ ಹುಡುಕಿಕೊಂಡವು. ಬೇಕಾದವರಿಗೆಲ್ಲ ಸಿಕ್ಕಿತು. ಮಣಿಕೂಟದ ಜನ ಅಂದಿನಿಂದ ಸುಖವಾಗಿದ್ದರು, ಅದರಲ್ಲಿ ಸುಳ್ಳಿಲ್ಲ.

ಹೊನ್ನಿಯ ಬಾಗಿಲಿಗೂ ಒಂದು ಬಂತು. ಮೊಸಳೆ ಮಾಳವ್ವನ ಹೆಸರು ಬರೆದುಕೊಂಡಿತ್ತಲ್ಲ. ಒಳಗೆ ಬಂದು, ಸುತ್ತಿಟ್ಟಿದ್ದ ಅಕ್ಕನ ಚಾಪೆಯ ಪಕ್ಕ ಮಂಡಿಯೂರಿ, ಹತ್ತುವವರಿಗಾಗಿ ಕಾದು ಕೂತಿತು.

ಹೊನ್ನಿಯ ಮನೆ ಚಿಕ್ಕದು, ಮಳೆಗಾಲ ಉದ್ದದ್ದು. ಆದರೂ ಅವಳು ಆ ಕುದುರೆಯ ಮೇಲೆ ಒಂದು ದಿನವೂ ಬಟ್ಟೆ ಒಣಹಾಕಲಿಲ್ಲ.