ಏಳು ಸಮುದ್ರಕ್ಕೆ ಒಂದೇ ಕೌಂಟರ್

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದಾಚೆ ಹೋಗಬೇಕಾದ ಒಬ್ಬಳು ಹುಡುಗಿ ಇದ್ದಳು. ಏಳು ಸಮುದ್ರಕ್ಕೂ ಇದ್ದದ್ದು ಒಂದೇ ಬಾಗಿಲು. ಬಾಗಿಲಿಗೊಬ್ಬ ರಾಕ್ಷಸ.

ಆ ರಾಕ್ಷಸನ ಕೈ ಈಗ ನನ್ನ ಕಾಲರ್ ಹಿಡಿದಿದೆ!

"ಹಳದಿ ಗೆರೆ ದಾಟಬೇಡಿ ಅಂದ್ರೆ ಕೇಳ್ಸಲ್ವಾ?"

"ಕೇಳ್ಸುತ್ತೆ. ಕಾಲರ್ ಬಿಡಿ ಸಾರ್... ಈಗಷ್ಟೇ ಇಸ್ತ್ರಿ ಮಾಡ್ಸಿದ್ದು."

ಬಿಟ್ಟ, ವಿಮಾನ ನಿಲ್ದಾಣದ ಆ ಕಾವಲುಗಾರ.

ನನ್ನ ಕಸುಬು ಏನೆಂದಿರಾ? ಸರ್ಕಾರಿ ಕಾಗದಗಳಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವುದು. ಗೆರೆಯ ಪಕ್ಕ ಸೂಟ್‌ಕೇಸ್ ಮೇಲೆ ಕುಳಿತು ಅಳುತ್ತಿದ್ದವಳು ಇವತ್ತಿನ ಕೇಸು. ಪರದೇಶದ ಧಾರಾವಾಹಿಗಳಿಗೆ ಸಬ್‌ಟೈಟಲ್ ಬರೆಯುವ ಹುಡುಗಿ. ಲ್ಯಾಪ್‌ಟಾಪ್ ಇಟ್ಟ ಕಡೆಯೇ ಅವಳ ಆಫೀಸು. ನಾಳೆ ಬೆಳಗ್ಗೆ ಆ ದೂರದ ದೇಶದಲ್ಲಿ ಅವಳ ಅಕ್ಕನಿಗೆ ಸಿಸೇರಿಯನ್. ಅಕ್ಕನಿಗೆ ಇವಳ ಹೊರತು ಯಾರೂ ಇಲ್ಲ.

ವಿಮಾನ ಹತ್ತಿಸುತ್ತೇನೆಂದು ಮಾತು ಕೊಟ್ಟಿದ್ದೆ. ಗೇಟ್ ಮುಚ್ಚಲು ಮೂವತ್ತೈದು ನಿಮಿಷ!

ಪಾಸ್‌ಪೋರ್ಟ್ ನೋಡುವ ಕೌಂಟರಿನವನು ಪರದೆ ತಿರುಗಿಸಿ ತೋರಿಸಿದ. ಹುಡುಗಿಯ ಹೆಸರಿನ ಮುಂದೆ ಕೆಂಪು ಗುರುತು. ಮೂರು ವರ್ಷದ ತೆರಿಗೆ ಬಾಕಿ. ದೇಶ ಬಿಡುವಂತಿಲ್ಲ.

"ನೋಟಿಸ್ ಬರ್ಲಿಲ್ವೇನೇ?"

"ಇಲ್ಲ ಅಕ್ಕಾ! ಕೆಲ್ಸ ಮಾಡೋ ಜಾಗದ ವಿಳಾಸ ಕೇಳಿದ್ರು... ದಿನಾ ಕೂರೋ ಕಾಫಿ ಅಂಗಡೀದು ಕೊಟ್ಟೆ."

ಅಂಗಡಿಗೆ ಫೋನ್ ಮಾಡಿದೆ.

"ಓ, ಆ ಕವರ್‌ಗಳಾ? ಹನ್ನೊಂದು ಬಂದ್ವು. ಆಯಮ್ಮನ ಟೇಬಲ್ ಕುಂಟ್ತಿತ್ತು ಮೇಡಂ, ಕಾಲಿನ ಕೆಳಗೆ ಇಟ್ಟಿದೀನಿ. ಒಂದೂ ಬಿಸಾಕಿಲ್ಲ!"

ಹೆಮ್ಮೆ ಬೇರೆ!

ಹುಡುಗಿ ನಿಂತಲ್ಲೇ ಮೊಬೈಲಿನಲ್ಲಿ ಬಾಕಿಯೆಲ್ಲ ಕಟ್ಟಿದಳು. ಕೂಡಿಟ್ಟದ್ದೆಲ್ಲ ಖಾಲಿ. ಕೆಂಪು ಗುರುತು ಮಾತ್ರ ಕದಲಲಿಲ್ಲ. ಅದನ್ನು ತೆಗೆಯಬಲ್ಲವರು ಒಬ್ಬರೇ. ತೆರಿಗೆ ಇಲಾಖೆಯ ಮೇಡಂ.

ಅವರಿಗೂ ಫೋನ್ ಮಾಡಿದೆ.

"ನಾನಿವತ್ತು ವರ್ಕ್ ಫ್ರಮ್ ಹೋಮ್. ಅಡುಗೆಮನೇಲಿ ಕೂತಿದೀನಿ. ಊಟದ ಟೈಮು... ಒಂದು ಗಂಟೆ ಬಿಟ್ಟು ಮಾಡಿ."

ಅಷ್ಟರಲ್ಲಿ ನನ್ನ ತಲೆಯ ಮೇಲಿನ ಸ್ಪೀಕರ್ ಕೂಗಿತು.

"ಹಸಿರು ಬ್ಯಾಗ್ ಮರೆತವರು ಕೂಡಲೇ ಬನ್ನಿ!"

ಫೋನಿನೊಳಗೂ ಅದೇ ಕೂಗು!

"ಮೇಡಂ... ನಿಮ್ಮ ಅಡುಗೆಮನೇಲಿ ಯಾರೋ ಬ್ಯಾಗ್ ಮರ್ತಿದಾರೆ."

ಫೋನ್ ಕಟ್!

ಓಡಿದೆ. ಟ್ರಾಲಿಗಳ ನಡುವೆ, ಮಲಗಿದ್ದವನೊಬ್ಬನ ಮೇಲಿಂದ... ನನ್ನ ಹಿಂದೆ ರಾಕ್ಷಸ, ಅವನ ಹಿಂದೆ ಸೂಟ್‌ಕೇಸ್ ಎಳೆಯುತ್ತಾ ಹುಡುಗಿ. ಕುರ್ಚಿ ಸಾಲುಗಳಲ್ಲಿಲ್ಲ. ತಿಂಡಿ ಅಂಗಡಿಯಲ್ಲಿಲ್ಲ. ಕೊನೆಗೆ ಸಿಕ್ಕರು, ತಡೆಹಿಡಿದವರನ್ನು ಕೂರಿಸುವ ಕೋಣೆಯಲ್ಲಿ! ತಲೆಗೆ ಬಿಸಿಲ ಟೋಪಿ. ತೊಡೆಯ ಮೇಲೆ ಲ್ಯಾಪ್‌ಟಾಪ್. ಅತ್ತು ಕೆಂಪಾದ ಮೂಗು.

"ನಿಮ್ಮನ್ನೂ ತಡೆದ್ರಾ?"

"ಮಹಡಿ ಮನೆ ಬಾಡಿಗೆಗೆ ಕೊಟ್ಟಿದ್ದೆ... ಅದರ ತೆರಿಗೆ ಕಟ್ಟೋದು ಮರ್ತೇಹೋಯ್ತಮ್ಮಾ."

"ಕಟ್ಬಿಟ್ಟು ನಿಮ್ಮ ಗುರುತು ನೀವೇ ತೆಗೀಬಹುದಲ್ಲ?"

"ಸ್ವಂತದ್ದು ತೆಗೆಯೋ ಹಾಗಿಲ್ಲ. ಆ ರೂಲ್ಸ್ ಬರೆದೋಳೂ ನಾನೇ!"

"ಹಾಗಾದ್ರೆ ಇವಳದ್ದು ತೆಗೀರಿ. ಇಲ್ಲಾಂದ್ರೆ ನಿಮ್ಮ ಸಾಹೇಬ್ರಿಗೆ ಈ ಅಡುಗೆಮನೆ ಫೋಟೋ ಹೋಗುತ್ತೆ."

"ಬೆದರಿಸ್ತೀಯಾ?"

"ಹೂಂ."

ಹುಡುಗಿ ಏದುಸಿರು ಬಿಡುತ್ತಾ ಒಳಗೆ ಬಂದಳು. "ಮೇಡಂ... ಅಲ್ಲಿ ನಮ್ಮಕ್ಕ ಒಬ್ಳೇ ಇದಾಳೆ."

ಮೇಡಂ ಅವಳನ್ನೇ ನೋಡಿದರು. "ಮೊದಲ್ನೇ ಹೆರಿಗೆನಾ?"

"ಹೌದು."

ಟಕಟಕ ಶುರುವಾಯಿತು. 'ಅಧಿಕಾರಿ ಇರುವ ಸ್ಥಳ' ಎಂದು ಲ್ಯಾಪ್‌ಟಾಪ್ ಕೇಳಿತು. ಮೇಡಂ ರಾಕ್ಷಸನ ಕಡೆಗೊಮ್ಮೆ ನೋಡಿ, 'ಮನೆ' ಎಂದು ಬರೆದರು.

ಕೌಂಟರಿನಲ್ಲಿ ಕೆಂಪು ಹಸಿರಾಯಿತು. ಇನ್ನು ಆರು ನಿಮಿಷ!

"ಓಡೇ!"

ಓಡಿದಳು. ರಾಕ್ಷಸನೇ ಅವಳ ಸೂಟ್‌ಕೇಸ್ ಎತ್ತಿಕೊಂಡು ಹಿಂದೆ ಓಡಿದ. ಬಾಗಿಲು ದಾಟಿದಳು. ಕೊನೇ ನಿಮಿಷದಲ್ಲಿ ಗೇಟೂ ದಾಟಿದಳು... ತಿರುಗಿ ನೋಡಲಿಲ್ಲ, ಕೈಯನ್ನೂ ಬೀಸಲಿಲ್ಲ.

ಒಳ್ಳೆಯದೇ ಆಯಿತು. ನನ್ನ ಕಸುಬಿನಲ್ಲಿ, ಕೈ ಬೀಸುತ್ತಾ ನಿಂತವರು ವಿಮಾನ ತಪ್ಪಿಸಿಕೊಳ್ಳುತ್ತಾರೆ!